ಕೊರತೆಯನ್ನು ಮೊದಲು ಬರೆಯುತ್ತಿದ್ದವರು

ನನ್ನ ಸೋದರಮಾವನ ಕೆಳತುಟಿಯ ನಡುವೆ ಯಾವಾಗಲೂ ಒಂದು ನೇರಳೆ ಕಲೆ ಇರುತ್ತಿತ್ತು. ಕಾಪಿಯಿಂಗ್ ಪೆನ್ಸಿಲ್ಲಿನ ಮೊನೆಯನ್ನು ತುಟಿಗೆ ತಾಗಿಸಿ, ಒದ್ದೆ ಮಾಡಿಕೊಂಡು ಬರೆಯುವುದು ಅವರ ಚಾಳಿ. ಒದ್ದೆಯಾದ ಮೊನೆ ಶಾಯಿಯ ಹಾಗೆ ಮೂಡುತ್ತದೆ, ರಬ್ಬರಿಗೆ ಅಳಿಯುವುದಿಲ್ಲ. ಹೊಸಬರು ನೋಡಿ, ಸಾವ್ಕಾರ್ರು ಈಗಷ್ಟೇ ನೇರಳೆಹಣ್ಣು ತಿಂದು ಬಂದಿದ್ದಾರೆ ಅಂದುಕೊಳ್ಳುತ್ತಿದ್ದರು. ಮದುವೆ ಮನೆಗೆ ಹೊರಡುವಾಗ ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. "ಬಿಡೇ, ಬರೆಯೋರ ಬಾಯಿ ಹಿಂಗೇ ಇರ್ತತೆ" ಅಂತ ಅವರೇ ಮುಖ ತಿರುಗಿಸಿಬಿಡುತ್ತಿದ್ದರು.

ಹೋದ ತಿಂಗಳು ದಾವಣಗೆರೆಯಲ್ಲಿ ಅವರಿಗಾಗಿ ಒಂದು ಸಂತಾಪ ಸಭೆ ನಡೆಯಿತು. ಮಾತಾಡಿದವರೆಲ್ಲ ಯಾರೋ ಹೇಳಿಕೊಟ್ಟ ಹಾಗೆ ಒಂದೇ ಪದ ಹಿಡಿದರು. ವಿನಯ. ಅಂಥ ವಿನಯವಂತರು ನಮ್ಮ ವ್ಯಾಪಾರಸ್ಥರಲ್ಲಿ ಇನ್ನೊಬ್ಬರಿಲ್ಲ ಅಂತ ಒಬ್ಬರು. ಅವರ ಪತ್ರದ ಸಾಲುಸಾಲಿನಲ್ಲೂ ವಿನಯ ತುಂಬಿ ತುಳುಕುತ್ತಿತ್ತು ಅಂತ ಇನ್ನೊಬ್ಬರು. ನಾನು ಎದ್ದು ನಿಂತು, "ಇದು ಸುಳ್ಳು" ಅಂದೆ. ಪಕ್ಕದಲ್ಲಿದ್ದವರು ಅಂಗಿ ಹಿಡಿದೆಳೆದು ಕೂರಿಸಿದರು. ದುಃಖದಲ್ಲಿ ಹುಡುಗ ಏನೋ ಮಾತಾಡುತ್ತಾನೆ ಅಂದುಕೊಂಡರು. ದುಃಖವಿತ್ತು, ಒಪ್ಪುತ್ತೇನೆ. ಆದರೆ ಅಲ್ಲಿ ನಾನು ಆಡಹೊರಟದ್ದು ಖಂಡನೆಯ ಮಾತು. ಸಭೆಯಲ್ಲಿ ಮುಗಿಸಲು ಬಿಡಲಿಲ್ಲ. ಇಲ್ಲಿ ಮುಗಿಸುತ್ತೇನೆ.

ಮಾವ ವಿನಯವಂತರಾಗಿರಲಿಲ್ಲ. ಗರ್ವಿಷ್ಠರು. ಮದುವೆಯ ಕರೆಯೋಲೆಯಲ್ಲಿ ತಪ್ಪು ಕಂಡರೆ ಹೆಣ್ಣಿನ ತಂದೆಯನ್ನು ಚಪ್ಪರದಲ್ಲೇ ನಿಲ್ಲಿಸಿ ತೋರಿಸುತ್ತಿದ್ದರು. ರೈಲು ತಡವಾಗಿ ಬಂದರೆ ಗಾರ್ಡಿನ ಹತ್ತಿರ ಹೋಗಿ ತಮ್ಮ ಜೇಬಿನ ಗಡಿಯಾರ ಎತ್ತಿ ಹಿಡಿಯುತ್ತಿದ್ದರು. ಬೇಸಿಗೆಯಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ತಾವು ಮಾಡಿದ ಯಂತ್ರದ ವಿಷಯ ಬಂದರಂತೂ ಎದುರಿಗೆ ಕೂತವರ ಮುಖ ನೋಡದೆ ಮಾಡಿನ ಕಡೆ ನೋಡಿ ಮಾತಾಡುತ್ತಿದ್ದರು. ಕೇಳುವವರು ಅಷ್ಟು ಎತ್ತರದಲ್ಲಿ ಇದ್ದಾರೆಂದು ಭಾವಿಸುತ್ತಿದ್ದರೋ, ತಾವೇ ಅಷ್ಟು ಎತ್ತರದಲ್ಲಿದ್ದೇನೆಂದು ಭಾವಿಸುತ್ತಿದ್ದರೋ, ನನಗೆ ಗೊತ್ತಿಲ್ಲ.

ಯಂತ್ರ ಅಂದರೆ ಶೇಂಗಾ ಸುಲಿಯುವ ಯಂತ್ರ. ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯ ಪಕ್ಕ, ತಗಡಿನ ಮಾಡಿನ ಕೆಳಗೆ ಅವರ ಕಾರ್ಖಾನೆ. ದಾವಣಗೆರೆಯ ಒಬ್ಬ ಮಂಡಿ ವರ್ತಕರು ಬಂಡವಾಳ ಹಾಕಿದ ಪಾಲುದಾರರು. ಯಂತ್ರದ ನಕ್ಷೆ, ಬುದ್ಧಿ, ಬೈಗುಳ ಮಾವನದು. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವುದು ಖಾದರ್ ಸಾಬರು. ನಾನು ದಾವಣಗೆರೆ ಹತ್ತಿರದ ಹದಡಿ ಹಳ್ಳಿಯವನು. ಕಾಲೇಜಿಗೆಂದು ದಾವಣಗೆರೆಯಲ್ಲಿ ಮಾವನ ಮನೆಯಲ್ಲೇ ಇದ್ದೆ. ರಜೆಯ ದಿನ ಅವರ ಜೊತೆ ರೈಲಿನಲ್ಲಿ ಹರಿಹರಕ್ಕೆ ಹೋಗಿ, ಅವರು ಹೇಳಿದ ಇಂಗ್ಲಿಷ್ ಪತ್ರಗಳನ್ನು ಟೈಪು ಮಾಡುತ್ತಿದ್ದೆ. ಕನ್ನಡದ ಪತ್ರಗಳನ್ನು ಅವರೇ ಕೈಯಾರೆ ಬರೆಯುತ್ತಿದ್ದರು.

ಊರೂರು ತಿರುಗಿ ಮಾರುವ ಏಜೆಂಟರನ್ನು ಮಾವ ಇಟ್ಟುಕೊಳ್ಳಲಿಲ್ಲ. "ಅವ್ನು ಬಾಯಿಗೆ ಬಂದಂಗೆ ಹೇಳಿ ಬರ್ತಾನೆ, ಆಮೇಲೆ ಯಂತ್ರ ಬೈಸ್ಕೊಂತತೆ" ಅನ್ನುತ್ತಿದ್ದರು. ಅಂಚೆಯೇ ಅವರ ಏಜೆಂಟು. ಚಳ್ಳಕೆರೆ, ರಾಯಚೂರು, ಅದೋನಿ, ಹುಬ್ಬಳ್ಳಿ, ಎಲ್ಲಿ ಎಣ್ಣೆ ಗಿರಣಿ ಇದೆ ಎಂದು ಕೇಳಿದರೋ ಅಲ್ಲಿಗೊಂದು ಪತ್ರ. ನಮ್ಮ ಹತ್ತಿರ ಇಂಥ ಯಂತ್ರ ಇದೆ, ಇಂಥ ದರ, ಇಷ್ಟು ದಿನದಲ್ಲಿ ಕಳಿಸುತ್ತೇವೆ, ತಮ್ಮ ಅಭಿಪ್ರಾಯವೇನು ಅಂತ. ಪೇಟೆಯಲ್ಲಿ ಇದಕ್ಕೆ ಆಫರ್ ಅನ್ನುತ್ತಾರೆ. ಪತ್ರವನ್ನು ಪೇಟೆಯ ಅಂಚೆ ಡಬ್ಬಿಗೆ ಹಾಕುತ್ತಿರಲಿಲ್ಲ. ಸ್ಟೇಷನ್ನಿಗೆ ಹೋಗಿ ರೈಲಿನ ಅಂಚೆ ಬೋಗಿಯ ಕಿಂಡಿಯಲ್ಲಿ ತಾವೇ ತೂರಿಸಿ, ರೈಲು ಕದಲುವತನಕ ನಿಂತಿರುತ್ತಿದ್ದರು.

ಉಳಿದವರ ಆಫರ್ ಹೇಗಿರುತ್ತಿತ್ತೆಂದು ಪೇಟೆ ಬಲ್ಲವರಿಗೆಲ್ಲ ಗೊತ್ತು. ತಮ್ಮ ಕೃಪೆ, ನಮ್ಮ ಸೇವೆ, ಇಡೀ ದಕ್ಷಿಣ ಭಾರತದಲ್ಲೇ ಮೊದಲು, ಒಮ್ಮೆ ಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಮಾವನ ಆಫರ್ ಹೀಗೆ ಶುರುವಾಗುತ್ತಿತ್ತು: "ಮಾನ್ಯರೇ, ಈ ಯಂತ್ರ ತಮಗೆ ಎಲ್ಲೆಲ್ಲಿ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ಮೊದಲು ತಿಳಿಸುತ್ತೇವೆ. ಸಣ್ಣ ಕಾಯಿ ಸುಲಿಯದೆ ಜಾರಿ ಬೀಳುತ್ತದೆ. ಆರಿಸಿ ಮತ್ತೆ ಹಾಕಬೇಕು. ಧೂಳು ಹೆಚ್ಚು. ಸದ್ದೂ ಹೆಚ್ಚು, ನೆರೆಮನೆಯವರು ತಕರಾರು ತೆಗೆಯುವ ಸಂಭವವಿದೆ." ದರ, ಗಾತ್ರ, ಹೊಗಳಿಕೆ ಏನಿದ್ದರೂ ಇದಾದ ಮೇಲೆ. ಹೊಗಳಿಕೆಯೂ ಬಿಗಿ. "ಒಣಗಿದ ಕಾಯಿಯನ್ನು ಚೆನ್ನಾಗಿ ಸುಲಿಯುತ್ತದೆ." ಅಷ್ಟೇ.

ನಾನು ಕಾಲೇಜಿನ ಚರ್ಚಾಕೂಟದವನು. ಯಾವ ವಿಷಯ ಕೊಟ್ಟರೂ ಎರಡೂ ಕಡೆ ಮಾತಾಡುವ ತಾಲೀಮು ಆಗಿತ್ತು. ಮಾವ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ, ವಕೀಲ ಅನ್ನುತ್ತಿದ್ದರು. ಮೊದಲ ಸಲ ಆ ಪ್ಯಾರಾ ಟೈಪು ಮಾಡಿದಾಗಲೇ ಕೈ ನಿಲ್ಲಿಸಿ ಹೇಳಿದೆ:

"ಮಾವ, ಇದು ಒಂದು ಪಟ್ಟು. ನಾವೂ ಹಾಕ್ತೀವಿ. ಎದುರಾಳಿ ಬಾಯಿ ತೆಗೆಯೋಕೆ ಮುಂಚೆ ನಮ್ಮ ಕೊರತೆ ನಾವೇ ಹೇಳಿಬಿಟ್ರೆ ಅವನ ಹತ್ರ ಏನೂ ಉಳಿಯಲ್ಲ. ಜನ ನಮ್ಮನ್ನ ಪ್ರಾಮಾಣಿಕರು ಅಂತಾರೆ."

"ಏನಲೇ ವಕೀಲ, ನೀನು ಗೆಲ್ಲೋಕೆ ಹೇಳ್ತಿ. ನಾನು ಯಂತ್ರ ವಾಪಸ್ ಬರಬಾರ್ದು ಅಂತ ಹೇಳ್ತೀನಿ."

"ಎರಡರ ಫಲಾನೂ ಒಂದೇ ಅಲ್ಲೇನ್ರಿ?"

"ಟೈಪ್ ಹೊಡಿ."

ಯಾಕೆ ಹೀಗೆ ಬರೆಯುತ್ತೀರೆಂದು ಕೇಳಿದಾಗಲೆಲ್ಲ ಅವರು ಬೇರೆ ಬೇರೆ ಕಾರಣ ಕೊಡುತ್ತಿದ್ದರು. ಒಮ್ಮೆ, ಹುಬ್ಬಳ್ಳಿಯಲ್ಲಿ ಪಂಪು ಮಾರುವ ಕೆಲಸದಲ್ಲಿದ್ದಾಗ ಸುಳ್ಳು ಹೇಳಿ ಹೇಳಿ ಬೇಸರವಾಗಿತ್ತು ಅಂದರು. ಇನ್ನೊಮ್ಮೆ, ಯೋಗ್ಯತೆ ಇಲ್ಲದವರು ತಮ್ಮ ಯಂತ್ರ ಕೊಳ್ಳದಿರಲಿ ಅಂತ ಜರಡಿ ಹಿಡಿಯುತ್ತೇನೆ ಅಂದರು. ಈ ಎರಡನೆಯದೇ ನಿಜವಿರಬೇಕು. ಇಷ್ಟು ಕೊರತೆ ಕೇಳಿಯೂ ನನ್ನ ಹತ್ತಿರ ಬರುವೆಯಾದರೆ ಬಾ ಅನ್ನುವ ಮನುಷ್ಯನದು ವಿನಯವೇ? ಸಂತಾಪ ಸಭೆಯವರು ಉತ್ತರಿಸಲಿ.

ಒಂದು ಕೆಲಸ ಮಾತ್ರ ತಪ್ಪಿಸುತ್ತಿರಲಿಲ್ಲ. ಪತ್ರ ಮುಗಿದ ಮೇಲೆ ಕುಲುಮೆಯ ಹತ್ತಿರ ಹೋಗಿ ಖಾದರ್ ಸಾಬರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಇಂಗ್ಲಿಷಿನದಾದರೆ ಕನ್ನಡ ಮಾಡಿ. ಸಾಬರು ಬೆವರು ಒರೆಸಿಕೊಳ್ಳುತ್ತ ಕೇಳಿ, "ಧೂಳಿಂದು ಸಾಕ್ರಿ ಸಾವ್ಕಾರ್ರೇ, ಅದನ್ನ ಕೇಳಿದ್ರೆ ನಂಗೇ ಕೆಮ್ಮು ಬರ್ತತೆ" ಅನ್ನುವರು. ಮಾವ ನಗುತ್ತಿರಲಿಲ್ಲ. "ಸುಳ್ಳೇನು?" "ಸುಳ್ಳಲ್ರಿ." "ಮತ್ತೆ ಇರ್ಲಿ."

ಆ ಪ್ಯಾರಾ ಕೆಲಸ ಮಾಡಿತು. ಒಂದು ಬೆಳಿಗ್ಗೆ ದಾವಣಗೆರೆಯ ಒಬ್ಬ ಎಣ್ಣೆ ಗಿರಣಿಯ ಯಜಮಾನರು ಪತ್ರ ಕೈಯಲ್ಲಿ ಹಿಡಿದು ನಗುತ್ತಲೇ ಕಾರ್ಖಾನೆಯೊಳಗೆ ಬಂದರು.

"ಏನ್ರಿ ಇದು? ಹೆಣ್ಣು ತೋರಿಸೋ ಮುಂಚೆ, ಹುಡುಗಿಗೆ ಸಿಟ್ಟು ಜಾಸ್ತಿ, ಅಡುಗೆ ಬರಲ್ಲ, ಗೊರಕೆ ಹೊಡೀತಾಳೆ ಅಂದಂಗೈತೆ!"

"ಹೊಡಿಯೋದು ನಿಜ. ಕೇಳ್ರಿ ಬೇಕಾದ್ರೆ" ಅಂತ ಮಾವ ಯಂತ್ರ ತಿರುಗಿಸಿದರು. ಕಿವಿ ಮುಚ್ಚಿಕೊಂಡೇ ಯಜಮಾನರು ಒಪ್ಪಿಗೆ ಕೊಟ್ಟು ಹೋದರು. ಆಮೇಲೆ ಹೋದಲ್ಲೆಲ್ಲ ಈ ಕಥೆ ಹೇಳಿದರು. ಕೇಳಿದವರು ಬಂದರು. ಪೇಟೆಯಲ್ಲಿ ಮಾವನಿಗೆ 'ಕೊರತೆ ಸಾವ್ಕಾರ್ರು' ಅಂತ ಹೆಸರೇ ಬಿತ್ತು. ಆಫರ್ ಬಂದರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಒಬ್ಬರು ಓದುವುದು, ಉಳಿದವರು ನಗುವುದು. "ಈ ಸಲ ಏನಂತೆ ಕೊರತೆ?" "ಹಲ್ಲು ಬೇಗ ಸವೀತಾವಂತೆ." "ಹಹ್ಹಾ, ದೊಡ್ಡ ಮನುಷ್ಯ ಬಿಡ್ರಿ."

ಈ 'ದೊಡ್ಡ ಮನುಷ್ಯ' ಅನ್ನುವುದನ್ನು ಕೇಳಿದಾಗ ನನಗೆ ಕಸಿವಿಸಿಯಾಯಿತು. ನಮ್ಮ ಕಡೆ ಊಟಕ್ಕೆ ಕರೆದವರು ಏನನ್ನುತ್ತಾರೆ? "ಏನೂ ಮಾಡಿಲ್ರಿ, ಸಾದಾ ಊಟ." ಒಳಗೆ ಹೋಳಿಗೆ ಬೇಯುತ್ತಿರುತ್ತದೆ. ಮನೆ ತೋರಿಸುವವರು "ಗುಡಿಸಲು ನೋಡ್ರಿ ನಮ್ದು" ಅಂತ ಮೊಸಾಯಿಕ್ ನೆಲದ ಮೇಲೆ ನಡೆಸಿಕೊಂಡು ಹೋಗುತ್ತಾರೆ. ಹೇಳುವವನು ಸುಳ್ಳು ಹೇಳುತ್ತಿದ್ದಾನೆಂದು ಕೇಳುವವನಿಗೆ ಗೊತ್ತು; ಅವನಿಗೆ ಗೊತ್ತೆಂದು ಇವನಿಗೂ ಗೊತ್ತು. ಇದಕ್ಕೆ ಮರ್ಯಾದೆ ಅನ್ನುತ್ತೇವೆ. ಮಾವನ ಪ್ಯಾರಾವನ್ನು ಪೇಟೆ ಹೀಗೆ ಓದುತ್ತಿತ್ತು. ಒಬ್ಬ ಮನುಷ್ಯ ನಿಜವನ್ನೇ ತಪ್ಪದೆ ಬರೆಯುತ್ತ ಹೋದದ್ದಕ್ಕೆ ಅದು ಅವನ ಶೈಲಿ ಅನ್ನಿಸಿಕೊಂಡಿತು. ಶೈಲಿಯನ್ನು ಯಾರೂ ನಂಬುವುದಿಲ್ಲ, ಮೆಚ್ಚಿಕೊಳ್ಳುತ್ತಾರೆ.

ಇದನ್ನು ನಾನು ಮಾವನಿಗೆ ಹೇಳಿದೆ, ರೈಲಿನಲ್ಲಿ, ಹರಿಹರಕ್ಕೆ ಹೋಗುವಾಗ. ಅವರು ಕಿಟಕಿಯ ಕಡೆ ತಿರುಗಿ, "ಓದೋಕೆ ಬರದಿದ್ದೋರಿಗೆ ನಾನೇನು ಮಾಡ್ಲಿ?" ಅಂದರು.

"ಓದೋಕೆ ಬರ್ತತೆ ಮಾವ. ನಂಬೋಕೆ ಬರಲ್ಲ."

"ಅದು ಅವ್ರ ಕೊರತೆ. ಅವ್ರು ಬರ್ಕೊಳ್ಳಿ."

ಹೀಗಿರುವಾಗ ನಮ್ಮ ತಾಲ್ಲೂಕಿನ ಒಂದು ಸಹಕಾರ ಸಂಘದಿಂದ ಮಾವನಿಗೆ ಕಾಗದ ಬಂತು. ಆ ಸಂಘದ ಹೆಸರು ಬರೆಯುವುದಿಲ್ಲ. ಬರೆದರೆ ಸಭೆ ಕರೆದು ನನ್ನ ಮೇಲೆ ನಿರ್ಣಯ ಮಾಡಿಯಾರು. ಆ ವರ್ಷದಿಂದ ಅವರು ಬಿತ್ತನೆ ಶೇಂಗಾವನ್ನು ಒಟ್ಟಿಗೆ ಕೊಂಡು, ಸುಲಿದು, ಹಳ್ಳಿಗಳಿಗೆ ಹಂಚುವವರಿದ್ದರು. ಹದಡಿ, ಸಾರಥಿ, ಸುತ್ತಲ ಊರುಗಳಿಗೆಲ್ಲ. ಕೈಯಲ್ಲಿ ಸುಲಿಸಿದರೆ ಮುಗಿಯುವ ಕೆಲಸವಲ್ಲ. ಯಂತ್ರಗಳು ಬೇಕು, ಆಫರ್ ಕಳಿಸಿ ಎಂದಿದ್ದರು.

ಅಲ್ಲಿಯತನಕ ಮಾವನ ಯಂತ್ರಗಳು ಎಣ್ಣೆ ಗಿರಣಿಗೆ ಹೋಗುತ್ತಿದ್ದವು. ಗಾಣಕ್ಕೆ ಹೋಗುವ ಬೀಜ ಒಡೆದರೇನು, ಜಜ್ಜಿದರೇನು? ಬಿತ್ತನೆ ಬೀಜದ ಮಾತೇ ಬೇರೆ. ಪಾಲುದಾರರು ಅಂದೇ ಹರಿಹರಕ್ಕೆ ಓಡಿ ಬಂದರು.

"ನೋಡ್ರಿ, ಇದೊಂದು ಪತ್ರ ಎಲ್ರಂಗೆ ಬರೀರಿ. ನಿಮ್ಮ ಕೈ ಮುಗೀತೀನಿ. ಕೊರತೆ ಗಿರತೆ ಬ್ಯಾಡ."

"ಕೊರತೆ ಐತಲ್ರಿ."

"ಇದ್ರೆ ಇರ್ಲಿ, ಬರಿಯೋದು ಯಾಕ?"

"ಐತೆ ಅಂತಾನೇ ಬರಿಯೋದು."

ಪಾಲುದಾರರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಆಯ್ತು. ನಿಮ್ಮ ಮಾತು ಕೇಳಿದೆ. ನನ್ನದೂ ಒಂದು ಮಾತು ಕೇಳ್ರಿ. ಇದ್ರಾಗ ಏನಾದ್ರೂ ಎಡವಟ್ಟಾದ್ರೆ, ಅಲ್ಲಿಗೆ ಈ ಕಾರ್ಖಾನೆ ಪತ್ರ ನೀವು ಬರಿಯೋದು ನಿಂತುಹೋಗಬೇಕು. ಒಪ್ಪಿಗೇನ್ರಿ?"

ಮಾವ ಒಪ್ಪಿದರು. ಯಂತ್ರ ಮಾಡುವುದಕ್ಕಿಂತ ಅದರ ಪತ್ರ ಬರೆಯುವುದೇ ಅವರಿಗೆ ಹೆಚ್ಚೆಂದು ಪಾಲುದಾರರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದನ್ನೇ ಪಣಕ್ಕಿಟ್ಟರು.

ಆ ಆಫರ್ ಕನ್ನಡದಲ್ಲಿತ್ತು. ಭಾಷೆ ತಿಳಿಯಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಮೊದಲ ಪ್ಯಾರಾ ನನಗೆ ಬಾಯಿಪಾಠ ಇದೆ. "ಬಿತ್ತನೆಗೆಂದು ಸುಲಿಯುವಾಗ ಮುನ್ನಾದಿನ ಕಾಯಿಗೆ ನೀರು ಚಿಮುಕಿಸುವ ಪದ್ಧತಿ ನಮ್ಮಲ್ಲಿದೆ. ಕೈಯಿಂದ ಸುಲಿಯುವುದಕ್ಕೆ ಅದು ಸರಿ. ಈ ಯಂತ್ರಕ್ಕೆ ನೀರು ತಾಗಿದ ಕಾಯಿ ಹಾಕಲೇಬಾರದು. ಹಾಕಿದರೆ ಸಿಪ್ಪೆ ಒಡೆಯದೆ ಬಾಗುತ್ತದೆ, ಒಳಗಿನ ಬೀಜ ಉಜ್ಜಿಹೋಗಿ ಮೊಳಕೆ ಬರುವ ಮೂತಿ ಜಜ್ಜುತ್ತದೆ. ನೋಡಲು ಬೀಜ ಇಡಿಯಾಗಿಯೇ ಇರುತ್ತದೆ. ಮೊಳೆಯುವುದಿಲ್ಲ." ಕೊನೆಯ ಪದದ ಕೆಳಗೆ ಎರಡು ಗೆರೆ ಎಳೆದರು.

ಕುಲುಮೆಯ ಹತ್ತಿರ ಓದಿದಾಗ ಖಾದರ್ ಸಾಬರು ಎಂದಿನಂತೆ ತಮಾಷೆ ಮಾಡಲಿಲ್ಲ. "ಸಾವ್ಕಾರ್ರೇ, ಇದನ್ನ ಅಂಚೇಲಿ ಹಾಕಬ್ಯಾಡ್ರಿ. ಖುದ್ದಾಗಿ ಹೋಗಿ ಕೂತ್ಕೊಂಡು ಹೇಳಿ ಬರ್ರಿ" ಅಂದರು.

ನಾನೂ ಅದನ್ನೇ ಹೇಳಿದೆ. "ಹೌದು ಮಾವ. ಅವ್ರು ಓದಿ ನಕ್ಕು ಮಡಚಿಡ್ತಾರೆ. ನೀವು ಒಂದ್ಸಲ ಹೋಗಿ ಬರ್ರಿ."

ಮಾವನಿಗೆ ರೇಗಿತು. ಇಡೀ ಕಾರ್ಖಾನೆಗೆ ಕೇಳುವ ಹಾಗೆ ಕೂಗಿದರು: "ಬರೆದ ಮ್ಯಾಲೆ ಮತ್ತೆ ಬಾಯಿಂದ ಹೇಳೋಕೆ ಹೋದ್ರೆ, ಬರೆದದ್ದು ಸುಳ್ಳು ಅಂತ ನಾನೇ ಒಪ್ಕೊಂಡಂಗೆ. ಇಷ್ಟು ವರ್ಷ ಬರೆದದ್ದೆಲ್ಲಾ ಸುಳ್ಳು ಅಂತ ಒಪ್ಕೊಂಡಂಗೆ! ನಾನು ಹೋಗಲ್ಲ."

ಅವರ ತರ್ಕದಲ್ಲಿ ದೋಷವಿರಲಿಲ್ಲ, ಅದನ್ನು ಚರ್ಚಾಕೂಟದವನಾಗಿ ಹೇಳುತ್ತೇನೆ. ಆದರೆ ಬಸ್ಸಿನಲ್ಲಿ ಒಂದು ಗಳಿಗೆ ಕೂತು ಹೋಗಿ ಬರುವ ಕೆಲಸಕ್ಕೆ ಅಡ್ಡ ನಿಂತದ್ದು ತರ್ಕವಲ್ಲ, ಗರ್ವ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕೆಂಬ ಕಟ್ಟಳೆ ನನಗೆ ಒಪ್ಪಿಗೆಯಿಲ್ಲ. ಮಾವನಿಗೂ ಇರಲಿಲ್ಲ.

ಸಂಘ ಒಪ್ಪಿತು. ಒಪ್ಪಿಗೆಯ ಪತ್ರದಲ್ಲಿ "ತಮ್ಮ ಸೌಜನ್ಯಪೂರ್ಣವಾದ ಪತ್ರ ಓದಿ ಸಂತೋಷವಾಯಿತು" ಎಂದಿತ್ತು. ಮಾವ ಆ ಸಾಲನ್ನು ಎರಡು ಸಲ ಓದಿ ಪತ್ರವನ್ನು ಫೈಲಿಗೆ ಸೇರಿಸಿದರು. ಖಾದರ್ ಸಾಬರು ಹೋಗಿ ಯಂತ್ರಗಳನ್ನು ಕೂರಿಸಿ, ಒಣ ಕಾಯಿ ಹಾಕಿ ತೋರಿಸಿ, "ಹಿಂಗೇ ಒಣಗಿದ್ದೇ ಹಾಕ್ರಿ" ಅಂತ ಹೇಳಿ ಬಂದರು. ಎಲ್ಲರೂ ತಲೆಯಾಡಿಸಿದರಂತೆ. ತಲೆಯಾಡಿಸುವುದೂ ಒಂದು ಮರ್ಯಾದೆಯೇ.

ಮುಂಗಾರು ಹತ್ತಿರ ಬಂದಾಗ ಸಂಘದವರು ಗೋದಾಮಿನಲ್ಲಿ ಕಾಯಿ ಹರವಿದರು. ಸುಲಿಯುವುದಕ್ಕೆ ಬಂದ ಹೆಂಗಸರು ತಮ್ಮ ಅಜ್ಜಿಯರು ಮಾಡುತ್ತಿದ್ದಂತೆ ಮುನ್ನಾದಿನ ಕೊಡ ತಂದು ನೀರು ಚಿಮುಕಿಸಿ, ಗೋಣಿ ಹೊದಿಸಿದರು. ಮಾರನೆಯ ದಿನ ಅದೇ ಕಾಯಿ ಯಂತ್ರಕ್ಕೆ ಬಿತ್ತು. ಬೀಜ ಹೊರಬಂತು, ಕೆಂಪಗೆ, ಇಡಿಯಾಗಿ. ಚೀಲಗಳು ಹಳ್ಳಿಗಳಿಗೆ ಹೋದವು. ನಮ್ಮಪ್ಪ ಹದಡಿಯಲ್ಲಿ ಅದನ್ನೇ ತಂದು, ಭಾವಮೈದುನನ ಯಂತ್ರದ ಬೀಜ ಅಂತ ಊರಿಗೆಲ್ಲ ಹೇಳಿಕೊಂಡು ಬಿತ್ತಿದ. ಮಳೆ ಚೆನ್ನಾಗಿಯೇ ಬಂತು. ಕಳೆ ಹುಟ್ಟಿತು. ಶೇಂಗಾ ಹುಟ್ಟಲಿಲ್ಲ. ಅಪ್ಪ ಸಾಲಿನಲ್ಲಿ ಬೆರಳು ಹಾಕಿ ಬೀಜ ಕೆದಕಿ ತೆಗೆದು ಅಮ್ಮನ ಕೈಯಲ್ಲಿಟ್ಟ. ಮೆತ್ತಗಾಗಿ ಕೊಳೆತಿತ್ತು. ಸಾರಥಿಯಲ್ಲೂ ಹಾಗೇ, ಸುತ್ತಲ ಊರುಗಳಲ್ಲೂ ಹಾಗೇ.

ಸಂಘದ ಅಧ್ಯಕ್ಷರು ಸಭೆ ಕರೆದರು. ಅವರು ಹಿರಿಯರು, ಜಮೀನುದಾರರು; ಮಾತು ಬಲು ಮೆದು. ಮಾವ ಕೋಟು ಹಾಕಿಕೊಂಡು ಹೋದರು. ಜೊತೆಗೆ ನಾನು. ರೈತರು ಗೋಡೆಯುದ್ದಕ್ಕೂ ನಿಂತಿದ್ದರು. ಅವರಲ್ಲಿ ಅಪ್ಪನೂ ಇದ್ದ; ಮಾವ "ಬರ್ರಿ ಭಾವ, ಕೂಡ್ರಿ" ಅಂದರೂ ಕೂರಲಿಲ್ಲ.

"ತಮ್ಮ ಯಂತ್ರದಿಂದ ಹಿಂಗಾತಲ್ರಿ" ಅಂದರು ಅಧ್ಯಕ್ಷರು.

"ನಾನು ಬರೆದಿದ್ದೆ. ಪತ್ರ ತೆಗೀರಿ."

ಪತ್ರ ತಂದರು. ನಾನೇ ಎದ್ದು ಓದಿದೆ. ನನ್ನ ದನಿ ಚೆನ್ನಾಗಿದೆ. ಕೊನೆಯ ಪದಕ್ಕೆ ಬೇಕಾದ ಒತ್ತು ಕೊಟ್ಟು ನಿಲ್ಲಿಸಿದೆ. ಗೆದ್ದೆವು ಅಂದುಕೊಂಡೆ.

ಅಧ್ಯಕ್ಷರು ನಿಧಾನವಾಗಿ ಕೇಳಿದರು. "ಇದು ತಾವು ಎಲ್ಲರಿಗೂ ಬರಿಯೋದೇ ಅಲ್ವೇನ್ರಿ?"

"ಎಲ್ಲರಿಗೂ ಅವರವರಿಗೆ ಬೇಕಾದ್ದು ಬರೀತೀನಿ" ಅಂದರು ಮಾವ.

"ಅಂದ್ರೆ ಕೊರತೆ ಅಂತ ಎಲ್ಲರಿಗೂ ಬರೀತೀರಿ. ಇಡೀ ದಾವಣಗೆರೆಗೆ ಗೊತ್ತೈತೆ. ತಾವು ದೊಡ್ಡವರು, ಹಂಗೆ ಬರೀತೀರಿ ಅಂದ್ಕೊಂಡ್ವಿ. ಊಟಕ್ಕೆ ಕರೆದೋರು ಏನೂ ಮಾಡಿಲ್ಲ ಅಂದ್ರೆ, ನಾವು ಬುತ್ತಿ ಕಟ್ಕೊಂಡು ಹೋಗ್ತೀವೇನ್ರಿ?"

ಗೋಡೆಯ ಹತ್ತಿರ ಯಾರೋ ಹೌದು ಹೌದು ಅಂದರು. ಇನ್ನೊಬ್ಬರು, "ಬಿತ್ತನೆ ಕಾಯಿಗೆ ನೀರು ಹೊಡೀದೆ ಯಾರು ಸುಲೀತಾರ್ರಿ?" ಅಂದರು.

ನಾನು ಸುಮ್ಮನಿರಲಿಲ್ಲ. "ಸ್ವಾಮಿ, ಬರೆದದ್ದಕ್ಕೆ ಬರೆದ ಅರ್ಥವೇ ಇಲ್ಲ ಅಂದ್ರೆ ನಿಮ್ಮ ಸಂಘದ ನಿಯಮಾವಳಿಗೇನು ಅರ್ಥ? ಅದೂ ಸೌಜನ್ಯಾನಾ? ಪತ್ರ ಓದಿದ ಮೇಲೆ ಅನುಮಾನ ಇದ್ದಿದ್ರೆ ಒಂದು ಕಾರ್ಡು ಬರೆದು ಕೇಳಬಹುದಿತ್ತಲ್ಲ?"

"ನೀ ಹೇಳೋದು ಸರಿ ಐತೆ ತಮ್ಮಾ" ಅಂದರು ಅಧ್ಯಕ್ಷರು, ನಿಜವಾಗಿಯೂ ಮೆಚ್ಚಿ. "ಚೆನ್ನಾಗಿ ಮಾತಾಡ್ತಿ. ಆದ್ರೆ ಅಷ್ಟು ಗಂಡಾಂತರದ ವಿಷಯ ಇದ್ರೆ ಮನುಷ್ಯ ಎದ್ದು ಬಂದು ಹೇಳ್ತಾನೆ. ಕಾಗದದಾಗ ಬರೀತಾನಾ?"

ಆಗ ಅಪ್ಪ ಬಾಯಿ ತೆಗೆದ. ಅವನು ಸಭೆಯಲ್ಲಿ ಮಾತಾಡಿದವನೇ ಅಲ್ಲ. "ನೋಡಪ್ಪಾ, ಬರ್ದೋನು ನೀನು. ಓದಿದೋರು ಇವ್ರು. ಮೊಳಕೆ ಬರ್ದೆ ಇದ್ದದ್ದು ಮಾತ್ರ ನನ್ನ ಹೊಲ್ದಾಗ."

ಮಾವ ಮೊದಲ ಸಲ ಎದುರಿಗಿದ್ದವರ ಮುಖ ನೋಡಿದರು. ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಅಧ್ಯಕ್ಷರ ಮೇಜಿನ ಮೇಲಿಟ್ಟು ಹೊರಗೆ ನಡೆದರು. ಆ ವಾದವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಮತ್ತೆ ನಡೆಸಿದ್ದೇನೆ. ಪ್ರತಿ ಸಲವೂ ಅಧ್ಯಕ್ಷರನ್ನು ಸೋಲಿಸುತ್ತೇನೆ. ಅಪ್ಪನ ಮಾತಿಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ.

ಆಡಿದ ಮಾತಿನಂತೆ ಮಾವ ಪತ್ರ ಬರೆಯುವುದು ನಿಂತಿತು. ಪಾಲುದಾರರು ಒಬ್ಬ ಗುಮಾಸ್ತನನ್ನು ಇಟ್ಟರು. ಆಮೇಲೆ ಏನು ಮಾಡಿದರು ಗೊತ್ತೇ? ಕೊರತೆಯ ಪ್ಯಾರಾವನ್ನು ತೆಗೆಯಲಿಲ್ಲ. ಪೇಟೆಗೆ ಅದು ಬೇಕಾಗಿತ್ತಲ್ಲ! ಧೂಳು, ಸದ್ದು, ಸಣ್ಣ ಕಾಯಿ, ಇಷ್ಟನ್ನು ಅಂದವಾದ ಅಕ್ಷರದಲ್ಲಿ ಅಚ್ಚು ಹಾಕಿಸಿ, ಮೇಲೆ ಬಸವಣ್ಣನ ಚಿತ್ರ, ಸುತ್ತ ಬಳ್ಳಿ, ಎಲ್ಲ ಪತ್ರದ ತಲೆಗೂ ಬರುವಂತೆ ಮಾಡಿದರು. ನೀರಿನ ವಿಷಯ ಮಾತ್ರ ಬಿಟ್ಟರು, ಅಮಂಗಳವಂತೆ. ವ್ಯಾಪಾರ ಚೆನ್ನಾಗಿ ನಡೆಯಿತು. ನೋಡಿ ಉಳಿದ ಕಾರ್ಖಾನೆಯವರೂ ತಮ್ಮ ತಮ್ಮ ಕೊರತೆ ಅಚ್ಚು ಹಾಕಿಸಿದರು. ಈಗ ನಾನು ಒಂದು ಗಿರಣಿಯ ಖರೀದಿ ವಿಭಾಗದಲ್ಲಿ ಆಫರ್‌ಗಳನ್ನು ಓದುವ ಕೆಲಸದಲ್ಲಿದ್ದೇನೆ. ಅಂಥ ಪತ್ರ ಬಂದರೆ ಒಂದೊಂದು ಕೊರತೆಯನ್ನೂ ನಿಜವೆಂದೇ ಹಿಡಿದು, ಇದು ಎಷ್ಟು, ಇದಕ್ಕೇನು ಪರಿಹಾರ ಅಂತ ತಿರುಗಿ ಬರೆದು ಕೇಳುತ್ತೇನೆ. ಬರೆದವರು ಗಾಬರಿಯಾಗುತ್ತಾರೆ. ಆಫೀಸಿನಲ್ಲಿ ನನ್ನನ್ನು ಅರಸಿಕ ಅನ್ನುತ್ತಾರೆ. ಮಾವ ನನಗೆ ಬಿಟ್ಟುಹೋದ ಆಸ್ತಿ ಇದು.

ಹದಡಿಯ ನಮ್ಮ ಮನೆಯಲ್ಲಿ ಆ ವರ್ಷ ಹುರುಳಿ ಬಿತ್ತಿದರು. ಅಮ್ಮ ತಮ್ಮನ ಮನೆಗೆ ಬರುವುದನ್ನು ಬಿಟ್ಟಳು. "ನನ್ನ ತಮ್ಮ ಮಾಡಿದ ಯಂತ್ರ ನನ್ನ ಹೊಲಾನೇ ನುಂಗಿತು" ಅಂತ ಬಾವಿ ಕಟ್ಟೆಯ ಮೇಲೆ ಅಂದಳೆಂದು ಸುದ್ದಿ ಬಂತು. ಮಾವ "ಅಕ್ಕ ಹೇಳಿದ್ದು ಸರಿ ಐತೆ" ಅಂದರು. ಬರೆದಿದ್ದೆ ಅಂತ ಅವಳಿಗೆ ಹೇಳಿಕಳಿಸಿ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ಈ ವರ್ಷ ಅವರಿಗೆ ಎದೆನೋವು ಶುರುವಾಯಿತು. ಡಾಕ್ಟರು ಗ್ಯಾಸು ಅಂದರು. ನೋಡಲು ಬಂದವರೆಲ್ಲ ಮಂಚದ ಹತ್ತಿರ ಕೂತು, "ಏನಾಗೇತ್ರಿ ನಿಮಗೆ, ಕಲ್ಲಿದ್ದಂಗಿದೀರಿ" ಅನ್ನುವರು. ಮಾವ ಮಾಡು ನೋಡುತ್ತ, "ಇಲ್ರಿ, ಈ ವಾರ ದಾಟಲ್ಲ" ಅನ್ನುವರು. "ಹಂಗೆಲ್ಲ ಅನಬಾರ್ದು ಬಿಡ್ರಿ" ಅಂತ ಅವರು ನಗುವರು. ಬಂದವರಲ್ಲಿ ಒಬ್ಬರು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ, "ಅವ್ರು ಮೊದ್ಲಿಂದ ಹಂಗೇ ಅಲ್ವಾ, ತಮ್ಮ ಬಗ್ಗೆ ಕಡಿಮೇನೇ ಹೇಳ್ಕೊಳ್ಳೋದು" ಅಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. ಅತ್ತೆಯೂ ನಂಬಲಿಲ್ಲ. ಹಬ್ಬಕ್ಕೆ ಹೇಗೂ ಎಲ್ಲರೂ ಸೇರುತ್ತಾರೆ, ಆಗ ಅಕ್ಕನನ್ನೂ ಕರೆಸಿ ರಾಜಿ ಮಾಡಿಸೋಣ ಅಂದಳು.

ಮಾವ ನನ್ನನ್ನು ಹತ್ತಿರ ಕರೆದರು. "ವಕೀಲ, ಹಬ್ಬ ದೂರ ಐತೆ. ಅಕ್ಕನ್ನ ಕರ್ಕೊಂಡು ಬಾ."

ಹುಟ್ಟಿದಾಗಿನಿಂದ ಅವರು ಹೇಳಿದ್ದಕ್ಕೆಲ್ಲ ಎದುರು ಹೇಳಿದವನು ನಾನು. ಅಂದು ಹೇಳಲಿಲ್ಲ. ಹದಡಿಯ ಬಸ್ಸು ಹತ್ತಿದೆ.

ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ಡಾಕ್ಟ್ರು ಏನಂದ್ರು?"

"ಗ್ಯಾಸು ಅಂದ್ರು."

"ಮತ್ತೆ?"

"ಮಾವ, ಈ ವಾರ ದಾಟಲ್ಲ ಅಂದ್ರು."

"ಅವ್ನು ಯಾವಾಗ್ಲೂ..."

"ಅಮ್ಮಾ, ಅವ್ರು ಹೇಳಿದ್ದಕ್ಕೆ ಹೇಳಿದಷ್ಟೇ ಅರ್ಥ. ಯಾವಾಗ್ಲೂ ಅಷ್ಟೇ ಇತ್ತು. ಏಳು."

ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದಳು. ಮಧ್ಯಾಹ್ನದ ಹೊತ್ತಿಗೆ ಮಂಚದ ಪಕ್ಕ ಕೂತಿದ್ದಳು. ತಮ್ಮನ ಹೊದಿಕೆ ಸರಿಮಾಡಿದಳು. ಆಮೇಲೆ ಅವಳೇ ಕೇಳಿದಳು. "ನೀರು ಹಾಕಬ್ಯಾಡ್ರಿ ಅಂತ ಬರೆದಿದ್ಯೇನೋ?"

"ಬರೆದಿದ್ದೆ ಅಕ್ಕ."

"ಹೋಗಿ ಯಾಕ ಹೇಳ್ಲಿಲ್ಲ?"

ಮಾವ ಅವಳ ಮುಖವನ್ನೇ ನೋಡಿದರು. "ಸೊಕ್ಕು" ಅಂದರು.

ಅಮ್ಮ ಅವರ ಕೈ ಹಿಡಿದುಕೊಂಡು ಕೂತಳು. ಮಾರನೆಯ ದಿನ ಬೆಳಗಿನ ಚಹಾದ ಹೊತ್ತಿಗೆ ಮಾವ ಹೋದರು.

ಸುದ್ದಿ ಕೇಳಿ ಮಂಡಿಯವರು, ಸಂಘದವರು, ಪಾಲುದಾರರು ಎಲ್ಲ ಬಂದರು. ಅಧ್ಯಕ್ಷರು ಹಾರ ಹಾಕಿ ಕಣ್ಣೊರೆಸಿಕೊಂಡರು. "ಎಂಥವರು! ಯಾರಿಗೂ ಒಂದು ಮಾತೂ ಮುಂಚೆ ಹೇಳದೆ ಹೋಗಿಬಿಟ್ರಲ್ಲ" ಅಂದರು. ಸುತ್ತ ನಿಂತವರೆಲ್ಲ ಹೌದು ಹೌದು ಅಂದರು.

ತಲೆಯ ಹತ್ತಿರ ಕೂತಿದ್ದ ಅಮ್ಮ ಸೆರಗು ಸರಿಸಿ ಅವರನ್ನು ನೋಡಿದಳು.

"ಹೇಳಿದ್ದ" ಅಂದಳು.